ಸಮುದ್ರದ ಕಡೆಯಿಂದ ಬಂದ ಹೆಬ್ಬಾತುಗಳು

ತನ್ನ ಗೋಧಿ ಹೊಲದಲ್ಲಿ ಹೆಣ ಬಿದ್ದಿದೆ ಎಂಬ ಸುದ್ದಿ ಬಂದಾಗ ಪೆಂಚೊ ಪೊಲೀಸನ ಮನೆಯಲ್ಲೇ ಕುಳಿತು, ಪೊಲೀಸನ ಹೆಂಡತಿ ಬಡಿಸಿದ ಹುಳಿ ಎಲೆಕೋಸು ಮತ್ತು ಹಂದಿಮಾಂಸದ ಎರಡನೇ ತಟ್ಟೆಗೆ ಕೈ ಹಾಕಿದ್ದ. ಇದಕ್ಕಿಂತ ಭದ್ರವಾದ ಜಾಗ ಊರಲ್ಲಿ ಇನ್ನೊಂದಿರಲಿಲ್ಲ. ಆದರೂ ಒಂದು ಗಂಟೆ ಕಳೆಯುವುದರೊಳಗೆ ಅದೇ ಪೊಲೀಸ್ ಅವನ ಮುಖ ನೋಡಲಾರದೆ ನೆಲ ನೋಡುತ್ತ ನಿಂತಿದ್ದ.

ಇದನ್ನು ಬೆಳಗಿನಿಂದಲೇ ಹೇಳಬೇಕು. ಡೋನಾ ಆಮೇಲೆ ಬಿಡಿಸಿದ ಗಂಟು ಬಿದ್ದದ್ದೆಲ್ಲ ಆ ಬೆಳಗಿನಲ್ಲೇ.

ಅಂದು ಜನವರಿ ಹದಿನೆಂಟು, ಸಂತ ಅತಾನಾಸನ ದಿನ. ಝೆಲ್ಕೊವೊ ಊರಿನಲ್ಲಿ ಆ ಹೆಸರಿಟ್ಟುಕೊಂಡವನ ಮನೆ ಬಾಗಿಲು ಅಂದು ಮುಚ್ಚುವಂತಿಲ್ಲ. ಯಾರನ್ನೂ ಕರೆಯುವುದಿಲ್ಲ, ಎಲ್ಲರೂ ಹೋಗುತ್ತಾರೆ. ಊರಿನ ಪೊಲೀಸನ ಹೆಸರು ಅತಾನಾಸ್ ಆದದ್ದರಿಂದ ಕಳ್ಳನಿಂದ ಹಿಡಿದು ಪಾದ್ರಿಯವರೆಗೆ ಎಲ್ಲರಿಗೂ ಅಲ್ಲಿ ಊಟ. ಆ ವರ್ಷ ಚಳಿಗಾಲದ ಹಕ್ಕಿ ಎಣಿಕೆಯೂ ಅದೇ ದಿನಕ್ಕೆ ಬಿದ್ದಿತ್ತು.

ಊರಿಗೂ ಕಪ್ಪು ಸಮುದ್ರಕ್ಕೂ ನಡುವೆ, ಮರಳ ದಿಬ್ಬದ ಈಚೆ, ಒಂದು ಸರೋವರವಿದೆ. ಉತ್ತರದ ಹಿಮದ ನಾಡಿನಿಂದ ಬರುವ ಕೆಂಪೆದೆಯ ಹೆಬ್ಬಾತುಗಳು ರಾತ್ರಿ ಅದರ ನೀರಿನ ಮೇಲೆ ಕಳೆದು, ಬೆಳಕು ಮೂಡುತ್ತಲೇ ಪಶ್ಚಿಮದ ಗೋಧಿ ಹೊಲಗಳಿಗೆ ಹಾರುತ್ತವೆ. ಎಣಿಕೆಯ ದಿನ ಮೂವರು ನಸುಕಿಗೆ ಮುಂಚೆಯೇ ಸರೋವರದ ಮೂರು ಬದಿಯಲ್ಲಿ ನಿಂತು ಅವುಗಳನ್ನು ಲೆಕ್ಕ ಹಾಕಬೇಕು. ಪಶ್ಚಿಮದ ಮರದ ಗುಡಿಸಲಲ್ಲಿ ವಿಹ್ರೆನ್. ಆರು ವರ್ಷದ ಹಿಂದೆ ರಾಜಧಾನಿಯಿಂದ ಬಂದು, ಹಕ್ಕಿ ಕಾಯುವುದನ್ನೇ ಕೆಲಸ ಮಾಡಿಕೊಂಡಿದ್ದ ತೆಳ್ಳಗಿನ ಮನುಷ್ಯ. ಉತ್ತರದ ದಿಬ್ಬದಲ್ಲಿ ದಮ್ಯಾನ್. ಊರಿನ ಮುಕ್ಕಾಲು ಭೂಮಿಯನ್ನು ಗುತ್ತಿಗೆಗೆ ಹಿಡಿದ ಕಂಪನಿಯ ಬೇಸಾಯದ ಅಧಿಕಾರಿ. ವಿಹ್ರೆನನ ಗೆಳೆಯ, ಹಕ್ಕಿ ಗುರುತಿಸುವುದನ್ನು ಅವನಿಂದಲೇ ಕಲಿತವನು. ದಕ್ಷಿಣದಲ್ಲಿ ಶಾಲೆಯ ಟೀಚರ್ ಇಸ್ಕ್ರಾ. ವಿಹ್ರೆನನ ಹೆಸರು ಬಂದರೆ ಅವಳ ಕಿವಿ ಕೆಂಪಾಗುವುದು ಊರಿಗೆಲ್ಲ ಗೊತ್ತಿತ್ತು, ವಿಹ್ರೆನನಿಗೊಬ್ಬನಿಗೆ ಬಿಟ್ಟು.

ಎಣಿಸಿದವರು ಹಾಳೆ ತುಂಬಿ ವಾಚನಾಲಯಕ್ಕೆ ತಂದು ಡೋನಾ ಕೈಗೆ ಕೊಡಬೇಕು. ಡೋನಾ ನಲವತ್ತೊಂದು ವರ್ಷ ಸೈಕಲ್ ಮೇಲೆ ಆ ಊರಿಗೆ ಅಂಚೆ ಹಂಚಿದವಳು. ನಿವೃತ್ತಿಯಾದ ಮೇಲೆ ವಾಚನಾಲಯದ ಬೀಗದ ಕೈ ಅವಳ ಸೊಂಟದಲ್ಲಿ, ಪಾರ್ಸಲ್ ದಾರ ಕಟ್ಟಿದ ಕನ್ನಡಕ ಅವಳ ಕತ್ತಿನಲ್ಲಿ. ಊರಲ್ಲಿ ಏನಾದರೂ ಕಳೆದುಹೋದರೆ, ಯಾರಿಗಾದರೂ ಹೆಸರಿಲ್ಲದ ಕಾಗದ ಬಂದರೆ, ಜನ ಪೊಲೀಸನಿಗಿಂತ ಮೊದಲು ಅವಳ ಹತ್ತಿರ ಓಡುತ್ತಿದ್ದರು. ಪೊಲೀಸನೂ ಅಲ್ಲಿಗೇ ಓಡುತ್ತಿದ್ದ. ಪಕ್ಕದ ಮನೆಯ ಪೆಂಚೊ ಅವಳ ಒಲೆಗೆ ಸೌದೆ ಒಡೆದು, ತನ್ನ ಹಳೇ ಜೀಪಿನಲ್ಲಿ ಅವಳನ್ನು ಅಲ್ಲಿಲ್ಲಿ ಕರೆದೊಯ್ದು, ಆಮೇಲೆ ಹೆಂಡದಂಗಡಿಯಲ್ಲಿ "ನಾವು ಹೆಂಗೆ ಕಂಡುಹಿಡಿದ್ವಿ ಗೊತ್ತಾ?" ಎಂದು ಕೊಚ್ಚಿಕೊಳ್ಳುತ್ತಿದ್ದ. ಹೆಂಡತಿ ಸತ್ತ ಮೇಲೆ ಅವನಿಗಿದ್ದ ಸುಖ ಅದೊಂದೇ.

ಅಂದು ಒಂಬತ್ತು ಗಂಟೆಗೆ ಅವನು ವಾಚನಾಲಯದ ಒಲೆ ಹೊತ್ತಿಸುತ್ತಿದ್ದಾಗ ದಮ್ಯಾನ್ ಬಂದ. ನುಣ್ಣಗೆ ಕ್ಷೌರ ಮಾಡಿಕೊಂಡು ಹಬ್ಬದ ಕೋಟು ಹಾಕಿದ್ದ. ಡೋನಾ ಕನ್ನಡಕ ಏರಿಸಿ ಹಾಳೆ ಓದಿದಳು.

"ಏಳೂ ಹದಿನೈದಕ್ಕೆ ಕೆರೆಯಿಂದ ಎದ್ದವು, ಪಶ್ಚಿಮಕ್ಕೆ ಹೋದವು, ನಾಲ್ಕು ಸಾವಿರದ ಇನ್ನೂರು. ಚೆನ್ನಾಗಿದೆ ಕಣಪ್ಪಾ. ಅಕ್ಷರಾನೂ ಮುದ್ದಾಗಿದೆ."

"ಬರೀ ಅಕ್ಷರ ಹೊಗಳ್ತೀರಿ, ಮದುವೆಗೆ ಹೆಣ್ಣು ಹುಡುಕಲ್ಲ" ಎಂದು ನಕ್ಕು ಅವನು ಹೊರಟುಹೋದ.

ಇಸ್ಕ್ರಾ ಬಂದದ್ದು ಅರ್ಧ ಗಂಟೆಯ ಮೇಲೆ. ಬೆರಳು ಮರಗಟ್ಟಿ, ಮಡಿಸಿದ ಹಾಳೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಂದಿದ್ದಳು. ಪೆಂಚೊ ಅವಳನ್ನು ಒಲೆಯ ಹತ್ತಿರ ಕೂರಿಸಿದ.

"ನಿನ್ನ ಹಕ್ಕಿಗಳಿಗೂ ಇವತ್ತು ಸೋಮಾರಿತನ ಕಣಮ್ಮಾ. ಹಂದಿಗೆ ಮುಸುರೆ ಹಾಕ್ತಿದ್ದೆ, ಎಂಟಾಗ್ತಾ ಬಂದಿತ್ತು, ಆಗ ತಲೆ ಮೇಲೆ ಹೋದ್ವು. ಅದೂ ಎಷ್ಟು ಎತ್ತರ ಅಂತೀಯಾ, ಬೈದ್ರೆ ಕೇಳಿಸ್ತಿರಲಿಲ್ಲ."

ಇಸ್ಕ್ರಾ ನಗಲಿಲ್ಲ. "ವಿಹ್ರೆನ್ ಹಾಳೆ ಕೊಟ್ನಾ?" ಎಂದು ಕೇಳಿದಳು. ಕೊಟ್ಟಿರಲಿಲ್ಲ. ಡೋನಾ ಎರಡು ಹಾಳೆಗಳನ್ನೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು.

ಹತ್ತು ಗಂಟೆಗೆ ಎಲ್ಲರೂ ಅತಾನಾಸನ ಅಂಗಳದ ಬೇಸಿಗೆ ಅಡುಗೆಮನೆಯಲ್ಲಿ ಇಟ್ಟಿಗೆ ನೆಲದ ಮೇಲೆ ಹಾಕಿದ ಉದ್ದನೆಯ ಮೇಜಿನ ಸುತ್ತ ಸೇರಿದ್ದರು. ಅತಾನಾಸ್ ಒಂದು ಕುರ್ಚಿಯನ್ನು ವಿಹ್ರೆನನಿಗೆಂದು ಹಿಡಿದಿಟ್ಟಿದ್ದ. ಪೆಂಚೊ ಆ ಖಾಲಿ ಕುರ್ಚಿ ನೋಡಿ ರಾಕಿಯಾ ಎಂಬ ಹಣ್ಣಿನ ಹೆಂಡ ತುಂಬಿದ ಲೋಟ ಎತ್ತಿದ.

"ಆ ಬಾತು ಕಾಯೋನು ನೂರು ವರ್ಷ ಬಾಳಲಿ! ಅವನಿಲ್ಲದಿದ್ರೆ ಬೈಯೋಕೆ ನಂಗೆ ಇನ್ಯಾರಿದ್ದಾರೆ?"

ಎಲ್ಲರೂ ನಕ್ಕರು. ಹಿಂದಿನ ವಾರವಷ್ಟೇ ಪೆಂಚೊ ಅಂಗಡಿಯ ಮುಂದೆ ವಿಹ್ರೆನನ ಮೇಲೆ ಹಾರಾಡಿದ್ದ. ಹೆಬ್ಬಾತುಗಳು ಅವನ ಗೋಧಿ ಪೈರನ್ನು ಬುಡದವರೆಗೆ ಮೇಯ್ದಿದ್ದವು. ಕಬ್ಬಿಣದ ಸಲಾಕೆ ನೆಟ್ಟು, ತನ್ನ ಹಳೇ ಮಿಲಿಟರಿ ಕೋಟು ತೊಡಿಸಿ ಬೆದರುಗೊಂಬೆ ನಿಲ್ಲಿಸಿದ್ದರೂ ಮೊದಮೊದಲು ಅವು ಕ್ಯಾರೇ ಅಂದಿರಲಿಲ್ಲ. "ಇನ್ನೊಂದು ಸಲ ನಿನ್ನ ಬಾತು ನನ್ನ ಹೊಲಕ್ಕಿಳಿದ್ರೆ, ಆ ಸಲಾಕೆ ಕಿತ್ತು ನಿನ್ನ ತಲೆಗೇ ಹಾಕ್ತೀನಿ!" ಎಂದು ಅವನು ಕೂಗಿದ್ದನ್ನು ಈ ಮೇಜಿನಲ್ಲಿದ್ದ ಎಲ್ಲರೂ ಕೇಳಿದ್ದರು.

ಲೋಟಗಳು ಠಣ್ ಠಣ್ ಎಂದವು. ಪೆಂಚೊ ಮೇಜಿನ ಮೇಲೆ ಬಾಗಿ ದಮ್ಯಾನನ ಲೋಟಕ್ಕೂ ತಾಗಿಸಲು ಹೋದ. ದಮ್ಯಾನ್ ಅಷ್ಟರಲ್ಲಿ ಕೈ ಹಿಂದೆಳೆದುಕೊಂಡಿದ್ದ. ಅವನ ಲೋಟ ವಾಲಿ ಎರಡು ಮೂರು ಹನಿ ಇಟ್ಟಿಗೆಯ ಮೇಲೆ ಬಿದ್ದವು.

"ಏನ್ ಸಾಹೇಬ್ರೇ, ಕುಡಿಯೋಕೆ ಮುಂಚೇನೇ ಕೈ ನಡುಗ್ತಿದ್ಯಲ್ಲ!" ಎಂದ ಪೆಂಚೊ.

"ನಸುಕಿನಿಂದ ಚಳೀಲಿ ನಿಂತಿದ್ದೀನಿ, ಪೆಂಚಣ್ಣ. ನಡುಗ್ದೆ ಇರುತ್ತಾ?" ಎಂದು ದಮ್ಯಾನ್ ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿದ.

ಸ್ವಲ್ಪ ಹೊತ್ತಿಗೆ ಮೀನುಗಾರ ಸ್ತಾವ್ರಿ ಶಾಪ ಹಾಕುತ್ತಲೇ ಒಳಗೆ ಬಂದ. "ಒಂದೇ ರಾತ್ರೀಲಿ ಕೆರೆ ಕಲ್ಲಾಗಿದೆ! ನಾಲ್ಕು ವರ್ಷದಿಂದ ಹಿಂಗಾಗಿರಲಿಲ್ಲ. ದೋಣಿ ಸಿಕ್ಕಾಕ್ಕೊಂಡಿದೆ. ಈ ದಂಡೆಯಿಂದ ಆ ದಂಡೆಗೆ ಸುತ್ತು ಹಾಕ್ದೆ, ಬೊಗಸೆ ನೀರೂ ತೆರೆದಿಲ್ಲ." ಎಲ್ಲರೂ ಅವನಿಗೆ ಸಮಾಧಾನ ಹೇಳಿ ಲೋಟ ತುಂಬಿಸಿದರು. ಆ ಗದ್ದಲದಲ್ಲಿ ದಮ್ಯಾನ್ ಡೋನಾಳ ಕುರ್ಚಿಯ ಹಿಂದೆ ಬಂದು ಬಾಗಿದ್ದು ಪೆಂಚೊಗೆ ಕಂಡಿತು, ಮಾತೂ ಕೇಳಿಸಿತು.

"ಡೋನಕ್ಕ, ನನ್ನ ಹಾಳೇಲಿ ಕೂಡಿದ್ದು ಎಲ್ಲೋ ತಪ್ಪಿದೆ. ಒಂದ್ನಿಮಿಷ ಬೀಗದ ಕೈ ಕೊಡ್ತೀರಾ, ತಿದ್ದಿ ಬರ್ತೀನಿ?"

"ಹಬ್ಬದ ದಿನ ವಾಚನಾಲಯ ರಜ ಕಣಪ್ಪಾ. ತಪ್ಪು ಎಲ್ಲಿಗೆ ಓಡಿಹೋಗುತ್ತೆ? ನಾಳೆ ಬಾ."

ಹನ್ನೊಂದೂ ಕಾಲಿಗೆ ಅತಾನಾಸನ ಫೋನು ಹೊಡೆದುಕೊಂಡಿತು. ಮಾತಾಡಿದವನು ಗುಡ್ಡದ ಆಚೆ ಕುರಿ ಬಿಟ್ಟಿದ್ದ ಕುರುಬ. ಅತಾನಾಸ್ ಫೋನು ಕೆಳಗಿಟ್ಟು ಖಾಲಿ ಕುರ್ಚಿಯನ್ನೇ ನೋಡಿದ.

"ವಿಹ್ರೆನ್ ಸತ್ತಿದ್ದಾನೆ. ಪೆಂಚಣ್ಣನ ಹೊಲದಲ್ಲಿ. ಯಾರೋ ತಲೆಗೆ ಹೊಡೆದಿದ್ದಾರೆ."

ಇಸ್ಕ್ರಾ ಎದ್ದು ನಿಂತಳು, ಮತ್ತೆ ಕುಳಿತಳು. ಮುದುಕ ಸ್ತಾವ್ರಿ ತನ್ನ ಲೋಟವನ್ನು ವಾಲಿಸಿ ಒಂದು ಹನಿ ನೆಲಕ್ಕೆ ಬಿಟ್ಟು, "ದೇವರು ಅವನನ್ನ ಕ್ಷಮಿಸಲಿ" ಎಂದು ಕುಡಿದ. ಉಳಿದವರೂ ಹಾಗೇ ಮಾಡಿದರು, ಯಾರ ಲೋಟವೂ ಯಾರ ಲೋಟಕ್ಕೂ ತಾಗಲಿಲ್ಲ. ಸತ್ತವರಿಗೆ ಕುಡಿಯುವ ಕ್ರಮವೇ ಅದು.

ಅತಾನಾಸನ ಜೊತೆ ಪೆಂಚೊ, ಡೋನಾ, ಇನ್ನೂ ಕೆಲವರು ಹೊಲಕ್ಕೆ ಹೋದರು. ಅಲ್ಲಿ ಬೆದರುಗೊಂಬೆ ನಿಂತಿರಲಿಲ್ಲ. ಮಿಲಿಟರಿ ಕೋಟು ಮಣ್ಣಿನಲ್ಲಿ ಬಿದ್ದಿತ್ತು, ಸಲಾಕೆ ಅದರ ಪಕ್ಕದಲ್ಲಿತ್ತು, ಅದರ ತುದಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ವಿಹ್ರೆನ್ ಕಾಲುವೆಯ ಅಂಚಿನಲ್ಲಿ ಬೋರಲಾಗಿ ಮಲಗಿದ್ದ. ಅವನ ಮೈ ಸೆಟೆದದ್ದನ್ನು ನೋಡಿದರೆ ನಸುಕಿನಲ್ಲೇ ಪ್ರಾಣ ಹೋಗಿರಬೇಕು. ಅವನ ಜೇಬಿನಲ್ಲಿ ಕರವಸ್ತ್ರದ ಗಂಟು. ಗಂಟಿನಲ್ಲಿ ನೀಲಿ ಬಣ್ಣ ಹಚ್ಚಿದ ಹಿಡಿ ಗೋಧಿ ಕಾಳು.

"ಇಲಿ ಪಾಷಾಣ" ಎಂದ ಅತಾನಾಸ್. "ಬಿಲದೊಳಕ್ಕೆ ಹಾಕಿ ಮುಚ್ಚಬೇಕು. ನೆಲದ ಮೇಲೆ ಚೆಲ್ಲಿದ್ರೆ ಬಾತು ತಿಂದು ಸಾಯ್ತವೆ. ಅದಕ್ಕೆ ಜೈಲಿದೆ." ಗಂಟನ್ನು ಮತ್ತೆ ಕಟ್ಟಿದ. ಮುಂದಿನ ಮಾತನ್ನು ಪೆಂಚೊನ ಬೂಟು ನೋಡುತ್ತಲೇ ಹೇಳಿದ. "ಪೆಂಚಣ್ಣ, ಹೊಲ ನಿನ್ನದು. ಸಲಾಕೆ ನಿನ್ನದು. ಏನು ಕೂಗಿದ್ದೆ ಅಂತ ಊರೇ ಕೇಳಿದೆ. ನಸುಕಲ್ಲಿ ಎಲ್ಲಿದ್ದೆ?"

"ಮನೇಲಿ. ಹಂದಿ ಹತ್ರ."

"ಯಾರು ನೋಡಿದ್ರು?"

"ಹಂದಿ ನೋಡ್ತು, ಇನ್ಯಾರು ನೋಡ್ಬೇಕು?" ಎಂದ ಪೆಂಚೊ. ಯಾರೂ ನಗಲಿಲ್ಲ. ಹೇಳಿದ ಮೇಲೆ ಅವನಿಗೂ ನಾಚಿಕೆಯಾಯಿತು. ಎರಡು ಮಾರು ದೂರದಲ್ಲಿ ಹೆಣವಿತ್ತು.

"ಪಟ್ಟಣದಿಂದ ಜೀಪು ನಾಲ್ಕು ಗಂಟೆಗೆ ಬರುತ್ತೆ. ನಿನ್ನ ಕಳಿಸಬೇಕಾಗುತ್ತೆ" ಎಂದ ಅತಾನಾಸ್. ಮೂವತ್ತು ವರ್ಷ ಒಟ್ಟಿಗೆ ಮೀನು ಹಿಡಿದವನ ಕೈಗೆ ಕೋಳ ತೊಡಿಸುವುದು ಹೇಗೆಂದು ಅವನಿಗೆ ತಿಳಿಯುತ್ತಿರಲಿಲ್ಲ. "ಅಲ್ಲೀವರೆಗೆ ಡೋನಕ್ಕ, ಇವನು ನಿನ್ನ ಜವಾಬ್ದಾರಿ."

ಡೋನಾ ಮೊಣಕಾಲೂರಿ ಕೂತಳು. ಸಲಾಕೆ ನೆಟ್ಟಿದ್ದ ಕುಳಿಗೆ ಬೆರಳು ಹಾಕಿ ನೋಡಿದಳು. "ಎಷ್ಟು ಆಳಕ್ಕೆ ನೆಟ್ಟಿದ್ದೆ?" ಎಂದು ಕೇಳಿದಳು.

"ಒಂದು ಮೊಳ. ಗಾಳಿಗೆ ಬೀಳದಿರಲಿ ಅಂತ."

"ಕೀಳೋಕೆ ಬಲ ಬೇಕು."

"ನಂಗೆ ಬಲ ಇದೆ" ಎಂದ ಪೆಂಚೊ. "ಅದನ್ನೂ ಬರ್ಕೊ."

ಅವಳು ಎದ್ದು ಕೈಯ ಮಣ್ಣು ಕೊಡವಿದಳು. ಸರೋವರದ ಕಡೆ ಜೀಪು ತಿರುಗಿಸಲು ಹೇಳಿದಳು, ಅಷ್ಟೇ. ದಾರಿಯುದ್ದಕ್ಕೂ ಪೆಂಚೊ ಹಲ್ಲು ಕಚ್ಚಿ ಗಾಡಿ ಓಡಿಸಿದ. ಊರು ಏನು ಬೇಕಾದರೂ ಅಂದುಕೊಳ್ಳಲಿ. ಅತಾನಾಸನಿಗೆ ಅವನ ಕೆಲಸ. ಆದರೆ ಇಷ್ಟು ವರ್ಷ ಈ ಹೆಂಗಸಿನ ಒಲೆಗೆ ಸೌದೆ ಹೊತ್ತವನು ತಾನು. ಒಂದು ಮಾತು, "ನೀನಲ್ಲ ಅಂತ ಗೊತ್ತು ಕಣೋ" ಎಂಬ ಒಂದು ಮಾತು ಆಡಿದರೆ ಇವಳ ಗಂಟೇನು ಹೋಗುತ್ತಿತ್ತು? ಜೈಲಿಗಿಂತ ಅದೇ ಅವನನ್ನು ಹೆಚ್ಚು ಕೊರೆಯುತ್ತಿತ್ತು.

ಅವರು ನಿಂತದ್ದು ಉತ್ತರದ ದಿಬ್ಬದ ಮೇಲೆ. ಕೆಳಗೆ ಸರೋವರ ಬಿಳಿಯ ಹಲಗೆಯಂತೆ ಬಿದ್ದಿತ್ತು. ಅದರ ಆಚೆ ಮರಳ ದಿಬ್ಬ, ಅದರ ಆಚೆ ಸಮುದ್ರ. ಡೋನಾ ಒಮ್ಮೆ ಹಿಮದ ಕಡೆ, ಒಮ್ಮೆ ಸಮುದ್ರದ ಕಡೆ ನೋಡಿದಳು.

"ಪೆಂಚೊ, ಬೆಳಗ್ಗೆ ನಿನ್ನ ಹಂದಿಗೂಡಿನ ಮೇಲೆ ಹೋದವಲ್ಲ, ದಿನಾ ಎಷ್ಟು ಹೊತ್ತಿಗೆ ಹೋಗ್ತಿದ್ವು?"

"ಏಳೂವರೆ ಒಳಗೆ. ಛಾವಣಿ ಮುಟ್ಟೋ ಹಾಗೆ ಕೆಳಗೆ. ಈಗ ಅದನ್ಯಾಕೆ ಕೇಳ್ತೀಯಾ? ನನ್ನ ಕಂಬಿ ಎಣಿಸೋಕೆ ಕಳಿಸ್ತಿದ್ದಾರೆ, ನೀನು ಬಾತು ಎಣಿಸ್ತೀಯಾ?"

"ಹೌದು" ಎಂದಳು ಡೋನಾ. "ವಾಚನಾಲಯಕ್ಕೆ ಬಿಡು. ಆಮೇಲೆ ಅತಾನಾಸನಿಗೆ ಹೇಳು, ಬೆಳಗ್ಗೆ ಕೂತಿದ್ದವರೆಲ್ಲ ಮೂರೂವರೆಗೆ ಅದೇ ಮೇಜಿಗೆ ಬರಲಿ. ಅದದೇ ಕುರ್ಚೀಲಿ ಕೂರಲಿ."

ಮೂರೂವರೆಗೆ ಎಲ್ಲರೂ ಬಂದರು. ಬೆಳಗಿನ ಊಟ ಹಾಗೇ ಇತ್ತು, ಮೇಲೆ ಕೊಬ್ಬು ಹೆಪ್ಪುಗಟ್ಟಿತ್ತು. ಇಸ್ಕ್ರಾಳ ಕಣ್ಣು ಊದಿತ್ತು. ದಮ್ಯಾನ್ ಹಬ್ಬದ ಕೋಟು ತೆಗೆದು ಕಪ್ಪು ಸ್ವೆಟರ್ ಹಾಕಿಕೊಂಡು ಬಂದು, ಪೆಂಚೊನ ಭುಜ ಮುಟ್ಟಿ, "ಒಳ್ಳೇ ವಕೀಲರನ್ನ ಹಿಡಿಯೋಣ ಪೆಂಚಣ್ಣ, ಖರ್ಚು ನಾನು ನೋಡ್ಕೋತೀನಿ" ಎಂದ. ಪೆಂಚೊಗೆ ಆ ಮಾತಿಗೇ ಕಣ್ಣು ತುಂಬಿತು. ಒಬ್ಬನಾದರೂ ಒಳ್ಳೆಯ ಮಾತಾಡಿದನಲ್ಲ ಎಂದುಕೊಂಡ.

ಡೋನಾ ಎರಡು ಹಾಳೆಗಳನ್ನು ಮೇಜಿನ ಮೇಲಿಟ್ಟಳು.

"ನಾನು ಪೋಸ್ಟಿನವಳು. ಕಾಗದ ಕೈಗೆ ಬಂದ್ರೆ ನಂಗೆ ಮೊದಲು ಬರೋ ಯೋಚನೆ, ಇದು ಎಲ್ಲಿಂದ ಹೊರಟಿದ್ದು ಅಂತ. ಒಳಗೇನಿದೆ ಅನ್ನೋದು ಆಮೇಲೆ. ಇದು ಇಸ್ಕ್ರಾ ಹಾಳೆ. ಕೇಳಿ: 'ಸರೋವರ ಪೂರ್ತಿ ಹೆಪ್ಪುಗಟ್ಟಿದೆ, ಒಂದು ಹಕ್ಕಿಯೂ ಇಲ್ಲ. ಏಳೂ ಐವತ್ತಕ್ಕೆ ಸಮುದ್ರದ ಕಡೆಯಿಂದ ಬಂದವು, ಬಹಳ ಎತ್ತರದಲ್ಲಿ.' ಪೆಂಚೊ ಹಂದಿಗೆ ಮುಸುರೆ ಹಾಕ್ವಾಗ ಕಂಡಿದ್ದೂ ಅದೇ. ತಡವಾಗಿ, ಎತ್ತರದಲ್ಲಿ. ಇಸ್ಕ್ರಾ ಬಾಯಿ ಬಿಡೋಕೆ ಮುಂಚೇನೇ ಅವನು ಅದನ್ನ ನಮಗೆ ಹೇಳ್ದ. ನಿನ್ನೆ ರಾತ್ರಿ ಕೆರೆ ಗಟ್ಟಿಯಾಯ್ತು, ಪಾಪ ಅವು ಸಮುದ್ರದ ಮೇಲೆ ರಾತ್ರಿ ಕಳೆದ್ವು. ಈಗ ಇದು ದಮ್ಯಾನನ ಹಾಳೆ. 'ಏಳೂ ಹದಿನೈದು, ಕೆರೆಯಿಂದ ಎದ್ದವು.' ಯಾವ ಕೆರೆಯಿಂದ ಎದ್ದವಪ್ಪಾ?"

"ಉತ್ತರದ ಜೊಂಡಿನೊಳಗೆ ಒಂದಿಷ್ಟು ನೀರು ತೆರೆದಿತ್ತು. ಇಸ್ಕ್ರಾ ನಿಂತಲ್ಲಿಗೆ ಕಾಣಲ್ಲ" ಎಂದ ದಮ್ಯಾನ್.

"ಬೊಗಸೆ ನೀರೂ ಇರಲಿಲ್ಲ ಅಂತ ಬೆಳಗ್ಗೇನೇ ಹೇಳಿದ್ನಲ್ಲಯ್ಯಾ" ಎಂದು ಸ್ತಾವ್ರಿ ಗುಡುಗಿದ. "ನಾನು ಸುತ್ತು ಹಾಕಿದ್ದು ಸುಳ್ಳಾ?"

"ಸ್ತಾವ್ರಿ ಅದನ್ನ ಹೇಳಿದ ಮರುಕ್ಷಣ ನೀನು ನನ್ನ ಹತ್ರ ಬೀಗದ ಕೈ ಕೇಳ್ದೆ" ಎಂದಳು ಡೋನಾ. "ಕೂಡಿದ್ದು ತಪ್ಪಿದೆ ಅಂದೆ. ಈ ಹಾಳೇಲಿ ಹಕ್ಕಿ ಲೆಕ್ಕ ಅಂತ ಇರೋದು ಒಂದೇ ಸಂಖ್ಯೆ. ಕೂಡೋದು ಏನಿತ್ತು?"

ದಮ್ಯಾನ್ ಮುಖ ಉಜ್ಜಿಕೊಂಡ. ಆಮೇಲೆ ನಗಲು ನೋಡಿದ. "ಸರಿ, ಸಿಕ್ಕಿಬಿದ್ದೆ. ಎದ್ದೇ ಇರಲಿಲ್ಲ. ಚಳಿಗೆ ಹೊದ್ದು ಮಲಗಿಬಿಟ್ಟೆ, ಮನೇಲೇ ಕೂತು ಹಾಳೆ ತುಂಬಿದೆ. ನಾಚಿಕೆಗೇಡು, ಒಪ್ಕೋತೀನಿ. ಸೋಮಾರಿತನಕ್ಕೆ ನೇಣು ಹಾಕ್ತಾರಾ ಡೋನಕ್ಕ?"

ಪೆಂಚೊ ಅತಾನಾಸನ ಮುಖ ನೋಡಿದ. ಅತಾನಾಸ್ ಗಡಿಯಾರ ನೋಡಿದ. ದಮ್ಯಾನ್ ಹೇಳಿದ್ದು ಸರಿ ಎಂದು ಪೆಂಚೊಗೂ ಅನ್ನಿಸಿತು. ತಾನೂ ಎಷ್ಟೋ ಸಲ ಹೊದ್ದು ಮಲಗಿದವನೇ.

"ನಾನೂ ಹಾಗೇ ಅಂದ್ಕೊಂಡೆ" ಎಂದಳು ಡೋನಾ. "ಅದಕ್ಕೇ ಈ ಮೇಜಿಗೆ ಕರೆಸಿದ್ದು. ಅತಾನಾಸ್, ಎಲ್ಲರಿಗೂ ರಾಕಿಯಾ ಹಾಕು. ಪೆಂಚೊ, ಬೆಳಗ್ಗೆ ವಿಹ್ರೆನನಿಗೆ ಅಂತ ನೀನು ಲೋಟ ಎತ್ತಿದೆ. ಏನಂದೆ?"

"ನೂರು ವರ್ಷ ಬಾಳಲಿ ಅಂದೆ" ಎಂದ ಪೆಂಚೊ.

"ಆಮೇಲೆ?"

"ಎಲ್ಲರಿಗೂ ತಾಗಿಸ್ದೆ. ದಮ್ಯಾನನಿಗೆ ತಾಗಿಸೋಕೆ ಹೋದೆ, ಅವನು..." ಪೆಂಚೊ ಅಲ್ಲಿಗೇ ನಿಂತ. ತನ್ನ ಲೋಟ ಗಾಳಿಯಲ್ಲಿ ಚಾಚಿಕೊಂಡಿದ್ದು, ದಮ್ಯಾನನ ಕೈ ಹಿಂದೆ ಸರಿದದ್ದು, ಇಟ್ಟಿಗೆಯ ಮೇಲೆ ಬಿದ್ದ ಹನಿ, ಎಲ್ಲ ಈಗ ಮತ್ತೆ ಕಂಡಿತು. ಆ ಕೈ ನಡುಗಿರಲಿಲ್ಲ. "ತಾಗಿಸಲಿಲ್ಲ. ನೆಲಕ್ಕೆ ಬಿಟ್ಟ."

ಆ ಊರಿನಲ್ಲಿ ಹುಟ್ಟಿದ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಡೋನಾ ಹೇಳಿದಳು, ಬಹಳ ಮೆಲ್ಲಗೆ.

"ಬದುಕಿರೋರಿಗೆ ಲೋಟ ತಾಗಿಸ್ತೀವಿ. ಸತ್ತವರಿಗೆ ತಾಗಿಸಲ್ಲ, ಮೊದಲ ಹನಿ ಮಣ್ಣಿಗೆ ಬಿಡ್ತೀವಿ. ಅದನ್ನ ನಾವು ಯೋಚನೆ ಮಾಡಿ ಮಾಡಲ್ಲ, ಅಜ್ಜಂದಿರ ಕೈ ನೋಡಿ ನಮ್ಮ ಕೈ ಕಲ್ತಿದೆ. ಹತ್ತು ಗಂಟೇಲಿ ವಿಹ್ರೆನ್ ತಡವಾಗಿ ಬರ್ತಾನೆ ಅಂತ ನಾವೆಲ್ಲ ಕಾಯ್ತಿದ್ವಿ. ಕುರ್ಚಿ ಹಿಡಿದಿಟ್ಟಿದ್ವಿ. ಅವನು ಸತ್ತಿದ್ದಾನೆ ಅಂತ ಈ ಮೇಜಿನಲ್ಲಿ ಗೊತ್ತಿದ್ದಿದ್ದು ಒಬ್ಬನಿಗೆ. ನಿನ್ನ ಬಾಯಿ ಸುಳ್ಳು ಹೇಳ್ತು, ಹಾಳೆ ಸುಳ್ಳು ಹೇಳ್ತು. ಕೈಗೆ ಸುಳ್ಳು ಹೇಳೋಕೆ ಬರಲಿಲ್ಲ ದಮ್ಯಾನ್. ಅವನು ನಿನ್ನ ಗೆಳೆಯ ಅಲ್ವಾ."

ದಮ್ಯಾನ್ ತನ್ನ ಬಲಗೈಯನ್ನು ನೋಡಿದ. ಅದು ಬೇರೆ ಯಾರದೋ ಎಂಬಂತೆ ಮೇಜಿನ ಮೇಲಿಟ್ಟು ನೋಡಿದ.

"ನೀಲಿ ಕಾಳು ಪೆಂಚೊನದಲ್ಲ" ಎಂದು ಡೋನಾ ಮುಂದುವರಿಸಿದಳು. "ಅವನ ಇಲಿ ಹಿಡಿಯೋದು ಬೆಕ್ಕು, ಅದಕ್ಕೂ ಹಾಲು ಹಾಕದಷ್ಟು ಜಿಪುಣ ಇವನು. ಕಾಲುವೆ ಆಚೆ ಕಂಪನಿ ಹೊಲ. ಅಲ್ಲಿಗೆ ಪಾಷಾಣ ಹಾಕೋದು ನಿನ್ನ ಕೆಲಸ. ವಿಹ್ರೆನ್ ಕಾಳು ಹೆಕ್ಕಿದ್ದ ಅಂದ್ರೆ ಸತ್ತ ಹಕ್ಕೀನೂ ಕಂಡಿದ್ದ, ಆದ್ರೆ ಹೊಲದಲ್ಲಿ ಒಂದೂ ಇರಲಿಲ್ಲ. ಅತಾನಾಸ್, ಇವನ ಕಾರಿನ ಹಿಂದೆ ನೋಡು. ಸತ್ತ ಹಕ್ಕೀನ ಬಿಸಾಡೋಕೆ ಇವತ್ತು ಇವನಿಗೆ ಪುರುಸೊತ್ತಾಗಿರಲ್ಲ."

ಅತಾನಾಸ್ ಹೋಗಿ ಗೋಣಿಚೀಲ ತಂದು ಇಟ್ಟಿಗೆಯ ಮೇಲೆ ಸುರಿದ. ಒಂಬತ್ತು ಕೆಂಪೆದೆಯ ಹೆಬ್ಬಾತುಗಳು, ಕೊಕ್ಕಿನ ಸುತ್ತ ನೀಲಿ ಕರೆ.

"ಇಲಿ ಪೈರು ತಿಂದು ಹಾಕ್ತಿದ್ವು" ಎಂದ ದಮ್ಯಾನ್ ಯಾರನ್ನೂ ನೋಡದೆ. "ಕಂಪನಿಯವರು ಎರಡು ದಿನದಲ್ಲಿ ಮುಗಿಸು ಅಂದ್ರು. ಬಿಲ ಬಿಲಕ್ಕೂ ಹಾಕ್ತಾ ಕೂತ್ರೆ ಎರಡು ವಾರ. ಮೆಷಿನ್‌ನಲ್ಲಿ ಚೆಲ್ಲಿಬಿಟ್ಟೆ. ಹಕ್ಕಿ ಅಲ್ಲಿಗಿಳಿಯಲ್ಲ ಅಂದ್ಕೊಂಡೆ. ಪೆಂಚಣ್ಣ ಬೆದರುಗೊಂಬೆ ನಿಲ್ಲಿಸಿದ್ನಲ್ಲ, ಕೊನೆಗೆ ಅದಕ್ಕೆ ಹೆದರಿ ಅವು ಅವನ ಹೊಲದಿಂದ ಎದ್ದು ನಮ್ಮ ಹೊಲಕ್ಕೆ ಹೋದ್ವು."

ಪೆಂಚೊ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟ.

"ಆರು ಗಂಟೆಗೆ ವಿಹ್ರೆನ್ ಫೋನ್ ಮಾಡ್ದ. ಎಣಿಕೆ ಆಮೇಲೆ, ಮೊದಲು ಕಾಲುವೆ ಹತ್ರ ಬಾ ಅಂದ. ಚೀಲ ತೋರಿಸ್ದ. ಇವತ್ತೇ ದೂರು ಬರೀತೀನಿ, ನಿನ್ನ ಹೆಸರೂ ಬರೀತೀನಿ ಅಂದ. ಕಾಲು ಹಿಡಿದೆ. 'ಇವಕ್ಕೆಲ್ಲ ಹೆಸರು ನಿಂಗೆ ನಾನೇ ಕಲಿಸಿದ್ದಲ್ವೇನೋ' ಅಂದು ತಿರುಗಿ ಹೊರಟ. ಹೋಗ್ಬೇಡ ಅಂತ ಕೂಗ್ದೆ. ಸಲಾಕೆ ಪಕ್ಕದಲ್ಲೇ ಇತ್ತು. ಯಾವಾಗ ಕಿತ್ತೆನೋ ಗೊತ್ತಿಲ್ಲ."

"ಯಾರ ಸಲಾಕೆ ಅನ್ನೋದು ಮಾತ್ರ ಗೊತ್ತಿತ್ತು" ಎಂದಳು ಇಸ್ಕ್ರಾ. "ಗೊತ್ತಿದ್ದೂ ಅಲ್ಲೇ ಬಿಟ್ಟು ಬಂದೆ. ಬಂದು ಇವರ ಭುಜ ಮುಟ್ಟಿ ವಕೀಲರನ್ನ ಹಿಡಿಯೋಣ ಅಂದೆ."

ನಾಲ್ಕು ಗಂಟೆಗೆ ಪಟ್ಟಣದ ಜೀಪು ಬಂದು ದಮ್ಯಾನನನ್ನು ಕರೆದೊಯ್ದಿತು.

ಡೋನಾ, ಪೆಂಚೊ ನಡೆದೇ ಮನೆಗೆ ಹೊರಟರು. ಬಿಸಿಲು ಇಳಿಯುತ್ತಿತ್ತು. ಅರ್ಧ ದಾರಿಯವರೆಗೆ ತಡೆದುಕೊಂಡು ಪೆಂಚೊ ಕೇಳಿಯೇಬಿಟ್ಟ.

"ನನ್ನ ಮೇಲೆ ಅನುಮಾನ ಬಂದಿತ್ತಾ?"

"ಬಂದಿತ್ತು" ಎಂದಳು ಡೋನಾ. "ಹೊಲದಲ್ಲಿ, ಆ ಕುಳಿಗೆ ಬೆರಳು ಹಾಕೋವರೆಗೂ ಇತ್ತು. ನಿನ್ನ ಕೋಪ ನಂಗೆ ಗೊತ್ತಿಲ್ವಾ? ಅಲ್ಲಿ ಕೂತಾಗ ಬೆಳಗಿನ ಲೋಟ ಜ್ಞಾಪಕಕ್ಕೆ ಬಂತು. ನೂರು ವರ್ಷ ಬಾಳಲಿ ಅಂತ ಮೇಜಿನ ಮೇಲೆ ಬಿದ್ದು ಎಲ್ಲರಿಗೂ ತಾಗಿಸ್ದೆ ನೀನು. ಸತ್ತಿದ್ದಾನೆ ಅಂತ ಗೊತ್ತಿದ್ದೋನು ಹಾಗೆ ತಾಗಿಸೋಕಾಗಲ್ಲ. ನಿನ್ನನ್ನ ಉಳಿಸಿದ್ದು ನಾನಲ್ಲ ಕಣೋ, ನೀನೇ."

"ಆಗ್ಲೇ ಹೇಳಬಾರದಿತ್ತಾ? ನಾನು ಸತ್ತು ಬದುಕ್ದೆ."

"ಹೇಳಿದ್ರೆ ನಿನ್ನ ಮುಖದ ಮೇಲೆ ಬರೆದಿರುತ್ತಿತ್ತು. ದಮ್ಯಾನ್ ಓದಿಬಿಡ್ತಿದ್ದ."

ಅನುಮಾನ ಬಂದಿತ್ತು ಎಂದು ಅವಳು ಮುಚ್ಚಿಡದೆ ಹೇಳಿದ್ದು ಪೆಂಚೊಗೆ ನೋವು ತಂದಿತು, ಅದೇ ಸಮಾಧಾನವನ್ನೂ ತಂದಿತು. ಆದರೆ ಬೇರೊಂದು ಮಾತು ಎದೆಯಿಂದ ಇಳಿಯುತ್ತಿರಲಿಲ್ಲ. "ನನ್ನ ಬೆದರುಗೊಂಬೆಗೆ ಹೆದರಿ ಅವು ಆ ಹೊಲಕ್ಕೆ ಹೋದ್ವಂತೆ, ಡೋನಕ್ಕ."

ಡೋನಾ ವಾಚನಾಲಯದ ಮುಂದೆ ನಿಂತು, ಕೋಟಿನ ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಅವನ ಕೈಗಿಟ್ಟಳು. "ಪಶ್ಚಿಮದ ಗುಡಿಸಲಿನ ಹಾಳೆ ಖಾಲಿ ಇದೆ. ನಾಳೆ ಸಂಜೆಯೊಳಗೆ ಕಳಿಸಬೇಕು."

"ನಂಗೆ ಒಂದು ಬಾತಿಗೂ ಇನ್ನೊಂದು ಬಾತಿಗೂ ವ್ಯತ್ಯಾಸ ಗೊತ್ತಿಲ್ಲ."

"ಎದೆ ಕೆಂಪಗಿರುತ್ತೆ. ಎಣಿಸೋಕೆ ಬರುತ್ತಲ್ಲ?"

ಮರುದಿನ ನಸುಕಿಗೆ ಮುಂಚೆ ಪೆಂಚೊ ಆ ಗುಡಿಸಲಲ್ಲಿದ್ದ. ವಿಹ್ರೆನನ ಕಾಫಿ ಫ್ಲಾಸ್ಕು ಕಿಟಕಿಯ ಹಲಗೆಯ ಮೇಲೆ ಹಾಗೇ ಇತ್ತು. ಪೆಂಚೊ ಜೇಬಿನಿಂದ ಸಣ್ಣ ಸೀಸೆ ತೆಗೆದು ಹೊಸ್ತಿಲ ಮಣ್ಣಿಗೆ ಸ್ವಲ್ಪ ಸುರಿದು, ಉಳಿದದ್ದನ್ನು ಕುಡಿದ. ಎಂಟು ಗಂಟೆಯ ಹೊತ್ತಿಗೆ ಸಮುದ್ರದ ಕಡೆಯಿಂದ ಗದ್ದಲ ಕೇಳಿತು. ಅವು ತಲೆಯ ಮೇಲೆ ಬಂದವು, ಸಾಲು ಸಾಲಾಗಿ, ಬೈಗುಳಕ್ಕೆ ನಿಲುಕದ ಎತ್ತರದಲ್ಲಿ. ಬಯ್ಯಲು ಅವನಿಗೆ ಈಗ ಬಾಯಿಯೂ ಬರಲಿಲ್ಲ. ಬೆದರುಗೊಂಬೆಯಿಲ್ಲದ ಅವನ ಹೊಲದ ಕಡೆಗೇ ಅವು ಹೋಗುತ್ತಿದ್ದವು.

ನಾನೂರ ಹನ್ನೊಂದಕ್ಕೆ ಲೆಕ್ಕ ತಪ್ಪಿತು. ಅವನು ಕಣ್ಣೊರೆಸಿಕೊಂಡು ಮತ್ತೆ ಒಂದರಿಂದ ಶುರು ಮಾಡಿದ. ಹಾಳೆಯಲ್ಲಿ ಎಣಿಸಿದವರ ಹೆಸರು ಬರೆಯುವ ಜಾಗದಲ್ಲಿ, ತನ್ನ ಕೆಟ್ಟ ಅಕ್ಷರದಲ್ಲಿ, ಆಗಲೇ ವಿಹ್ರೆನ್ ಎಂದು ಬರೆದಿದ್ದ.